ಒಂದೇ ಕಿಟಕಿ

ಸತ್ತವರ ಮುಖ ಕೇಂದ್ರ ಸರ್ಕಾರದ ಕಂಪ್ಯೂಟರಿನಲ್ಲಿಯೂ ದನಿ ರಾಜ್ಯ ಸರ್ಕಾರದ ಕಂಪ್ಯೂಟರಿನಲ್ಲಿಯೂ ಉಳಿಯುತ್ತವೆ. ಪ್ರತಿ ಅಮಾವಾಸ್ಯೆಗೆ ನಾನು ತಾಲ್ಲೂಕು ಕಚೇರಿಗೆ ಹೋಗಿ, ಒಂದು ಕಿಟಕಿಯಲ್ಲಿ ನನ್ನ ಹೆಂಡತಿ ಗುರುಸಿದ್ಧವ್ವನನ್ನು ನೋಡಿ, ಇನ್ನೊಂದರಲ್ಲಿ ಅವಳ ಮಾತು ಕೇಳಿ ಬರುತ್ತಿದ್ದೆ.

"ಅಜ್ಜಾರ, ಎರಡೂ ಸರ್ಕಾರ ಕಡೀಗೂ ರಾಜಿ ಆದ್ವು. ಇನ್ಮ್ಯಾಲ ಒಂದ ಕಿಟಕಿ ನೋಡ್ರಿ," ಎಂದಳು ಗುಮಾಸ್ತೆ ನೀಲಾಂಬಿಕೆ.

ವಿಭೂತಿ ಸರಿಪಡಿಸಿಕೊಂಡು ಕುಳಿತೆ. ಪರದೆಯ ಮೇಲೆ ಗುರುಸಿದ್ಧವ್ವನ ಕಡೆಗಾಲದ ಬೊಚ್ಚುಬಾಯಿ ತೆರೆಯಿತು. ಕೇಳಿದ್ದು ಹೊಸ ಮದುವಣಗಿತ್ತಿಯ ದನಿ: "ಪೂಜಿ ಆತೇನ್ರಿ?"

ನೀಲಾಂಬಿಕೆ ತಲೆ ತಗ್ಗಿಸಿದಳು. "ಕೇಂದ್ರದವ್ರು ಮುಪ್ಪಿನ ಮುಖ ಕಳಿಸ್ಯಾರ, ನಮ್ಮವ್ರು ಹರೇದ ದನಿ ಕೂಡಿಸ್ಯಾರ. ತಿದ್ದಸ್ತೀನ್ರಿ."

"ಬ್ಯಾಡವಾ," ಎಂದೆ. "ನಾ ಬಾಳೇವು ಮಾಡಿದ್ದು ಇಬ್ಬರ ಜೋಡೀನೂ."

ಆಮೇಲೆ ಪರದೆಯತ್ತ ತಿರುಗಿದೆ.

"ಪೂಜಿ ಆತು. ಬಾ, ಉಣ್ಣೂಣು."