ಹಾಯಿದೋಣಿಯ ತೂಬು

"ಹಗ್ಗ ಕಿತ್ತೋಯ್ತು ಸಾಬ್ರೆ!" ಎಂದು ಓಂಕಾರಪ್ಪ ದಡದಿಂದ ಕೂಗಿದ.

ದೋಣಿಯ ಹೊಟ್ಟೆಯೊಳಗೆ ಮಂಡಿಯೂರಿ ಕೂತಿದ್ದ ಗುಲಾಮ್ ಮುಸ್ತಫಾ ಆ ಮಾತನ್ನು ನಂಬಲಿಲ್ಲ. ದೋಣಿಯನ್ನು ದಡದ ಮರಕ್ಕೆ ಹಗ್ಗದಿಂದ ಕಟ್ಟಿದವನು ಓಂಕಾರಪ್ಪನೇ. ಮದವೇರಿದ ಕೋಣ ಕಟ್ಟಿದರೂ ತಡೆಯುವ ಹಗ್ಗ, ತಾನಾಗಿ ಹೇಗೆ ಕಿತ್ತುಹೋಗುತ್ತದೆ?

ಕಾರಣವೂ ಇತ್ತು. ಹೋದ ತಿಂಗಳು ಎಸ್ಟೇಟಿನ ಪಂಪು ಸುಟ್ಟಾಗ, "ಮೇಸ್ತ್ರಿ ನೀರಿಲ್ದೆ ಓಡ್ಸಿದಾರೆ" ಎಂದು ಮುಸ್ತಫಾ ಹತ್ತು ಆಳುಗಳ ಮುಂದೆ ಹೇಳಿಬಿಟ್ಟಿದ್ದ. ಮಾತು ನಿಜ. ಆದರೆ ಹಾಗೆ ಎಲ್ಲರೆದುರು ಹೇಳಬಾರದಿತ್ತು. ಅಂದಿನಿಂದ ಮೇಸ್ತ್ರಿ ಓಂಕಾರಪ್ಪ ಅವನ ಮುಖ ನೋಡಿರಲಿಲ್ಲ. ಇವತ್ತು ಯಜಮಾನರು ಚಿಕ್ಕಮಗಳೂರಿಗೆ ಹೋಗಿದ್ದರು. ಕೆರೆಯ ಹತ್ತಿರ ಇವರಿಬ್ಬರೇ.

1998ರ ಫೆಬ್ರವರಿ ಕೊನೆ ಅದು. ಯಜಮಾನ ಶಶಿಧರ್ ಮಂಗಳೂರಿನ ಹಳೆಯ ಹಾಯಿದೋಣಿಯೊಂದನ್ನು ಲಾರಿಗೆ ಹೇರಿ, ಚಾರ್ಮಾಡಿ ಘಾಟಿ ಹತ್ತಿಸಿ ತಂದು ತೋಟದ ಕೆರೆಗೆ ಇಳಿಸಿದಾಗ ಮೂಡಿಗೆರೆಯೇ ನಕ್ಕಿತ್ತು. ದೋಣಿಯ ಮಗ್ಗುಲ ಹಲಗೆಗಳಲ್ಲಿ, ತಳದ ಹತ್ತಿರ, ನಾಲ್ಕು ಹಿತ್ತಾಳೆ ವಾಲ್ವುಗಳು, ಒಳಗೆ ಸೇರಿದ ನೀರನ್ನು ಹೊರಗೆ ಬಿಡುವುದಕ್ಕೆ. ನಾಲ್ಕೂ ಹಳತಾಗಿ ಹಸಿರುಗಟ್ಟಿದ್ದವು. ಯಜಮಾನರು ಅವಕ್ಕೇನೋ ಇಂಗ್ಲಿಷ್ ಹೆಸರು ಹೇಳಿದ್ದರು. ಮುಸ್ತಫಾನ ನಾಲಿಗೆ ಹೊರಳಲಿಲ್ಲ, ತೂಬು ಎಂದು ತಾನೇ ಹೆಸರಿಟ್ಟುಕೊಂಡ. ಕೊಚ್ಚಿಯಿಂದ ಬಂದ ಹೊಸ ತೂಬುಗಳು ದಡದಲ್ಲಿ ಗೋಣಿಚೀಲದ ಮೇಲೆ ಮಿರಮಿರ ಮಿಂಚುತ್ತಿದ್ದವು.

"ಇವತ್ತು ಬರೀ ಅಳತೆ ತಗೊಳ್ಳಿ, ನಾಳೆ ಟ್ರ್ಯಾಕ್ಟರಲ್ಲಿ ಮೇಲೆ ಎಳೆದು ಬದ್ಲಾಯ್ಸುವ" ಎಂದು ಯಜಮಾನರು ಮುಸ್ತಫಾನಿಗೆ ಹೇಳಿಯೇ ಹೋಗಿದ್ದರು. ಓಂಕಾರಪ್ಪನಿಗೂ ಒಂದು ಮಾತು ಹೇಳಿದ್ದರು: ಬ್ಲಾಸಮ್ಮಿಗೆ, ಅಂದರೆ ಕಾಫಿ ಹೂ ಅರಳುವುದಕ್ಕೆ, ಸ್ಪ್ರಿಂಕ್ಲರ್ ಹಾಕುವುದಕ್ಕೆ ಇರುವುದು ಈ ಒಂದು ಕೆರೆ, ಏನಾದರೂ ಹೆಚ್ಚುಕಮ್ಮಿಯಾದರೆ ನಾಳೆಯಿಂದ ನೀನು ಬರಬೇಡ.

ಬರೀ ಅಳತೆಗೆಂದೇ ಮುಸ್ತಫಾ ಸ್ಪ್ಯಾನರ್ ಹಚ್ಚಿದ್ದು. ಸಮುದ್ರದ ಉಪ್ಪು ತಿಂದ ಹಿತ್ತಾಳೆ ಹಳೇ ಬೆಲ್ಲದ ಹಾಗೆ ಮುರಿದು ಕೈಗೆ ಬಂತು. ತೂತಿನಿಂದ ನೀರು ಎದೆಗೆ ರಾಚಿತು. ಅಂಗಿ ಬಿಚ್ಚಿ ತುರುಕಿದ, ಮರುಕ್ಷಣ ಅದು ಚಿಮ್ಮಿ ಹೊರಬಿತ್ತು. ಕೊನೆಗೆ ಅಂಗೈ ಒತ್ತಿ ಹಿಡಿದ. ನಿಂತಿತು. ಅಷ್ಟರಲ್ಲಿ ಕೂತವನ ಸೊಂಟದವರೆಗೂ ನೀರು. ಸಾಮಾನಿನ ಚೀಲ ತೇಲಿ ಆಚೆ ಮೂಲೆ ಸೇರಿತ್ತು.

ಕೈ ತೆಗೆದರೆ ದೋಣಿ ಮುಳುಗುತ್ತದೆ. ತೆಗೆಯದಿದ್ದರೆ ಕೂತಲ್ಲಿಂದ ಮಿಸುಕುವಂತಿಲ್ಲ. ಹಗ್ಗ ಹೋದ ದೋಣಿ ಗಾಳಿಗೆ ಸಿಕ್ಕಿ ಕೆರೆಯ ನಡುವಿಗೆ ಸರಿಯುತ್ತಿತ್ತು. ಇಪ್ಪತ್ತು ವರ್ಷದಿಂದ ಪಂಪು ರಿಪೇರಿ ಮಾಡುತ್ತ ಬಂದವನು. ನೀರು ಮೇಲೆತ್ತುವುದು ಗೊತ್ತು, ಈಜುವುದು ಗೊತ್ತಿಲ್ಲ. ಕಣ್ಣಿಗೆ ಕಾಣುವುದು ತಲೆಯ ಮೇಲಿನ ಕಂಡಿಯಲ್ಲಿ ಒಂದು ಚೌಕ ಆಕಾಶ ಅಷ್ಟೇ.

ಹೊಸ ತೂಬೊಂದನ್ನು ಎತ್ತಿ ಎಸೆದರೂ ಸಾಕು, ಹೇಗೋ ತಿರುಗಿಸಿ ಕೂರಿಸಿಯೇನು. "ಓಂಕಾರಪ್ನೋರೆ! ತೂಬು ಎತ್ರಿ!"

ದಡದಲ್ಲಿ ಹೆಜ್ಜೆಗಳು ಒಮ್ಮೆ ಅತ್ತ, ಒಮ್ಮೆ ಇತ್ತ ಸರಿದವು.

"ಎತ್ಲಾ?"

"ಎತ್ರಿ ಮಾರಾಯ್ರೆ, ಬೇಗ!"

"ಪೂರ್ತಿ?"

ನಾಲ್ಕೂ ಯಾಕೆ, ಒಂದು ಸಾಕಿತ್ತು. ಆದರೆ ವಾದ ಮಾಡುವ ಹೊತ್ತೇ ಇದು? "ಪೂರ್ತಿನೇ ಎತ್ರಿ!"

"ಯಜಮಾನ್ರು ನನ್ನ ಸುಮ್ನೆ ಬಿಡ್ತಾರಾ ಸಾಬ್ರೆ?"

ಮುಸ್ತಫಾನಿಗೆ ಮೈಯೆಲ್ಲ ಉರಿದುಹೋಯಿತು. ಒಂದು ಹಿತ್ತಾಳೆ ತುಂಡು ನೀರಿಗೆ ಬಿದ್ದೀತೆಂದು ಹೆದರುತ್ತಾನಲ್ಲ, ಇವನೆಂಥಾ ಮನುಷ್ಯ! "ಇಲ್ಲಿ ಜೀವ ಹೋಗ್ತಾ ಉಂಟು, ನಿಮ್ಗೆ ಯಜಮಾನ್ರ ಚಿಂತೆ!"

ದಡದಲ್ಲಿ ಓಡುವ ಹೆಜ್ಜೆಯ ಸದ್ದು ಮಾತ್ರ ಕೇಳಿಸಿತು. ಅದು ಹತ್ತಿರ ಬರಲಿಲ್ಲ, ದೂರವಾಯಿತು. ಆಮೇಲೆ ಅದೂ ಇಲ್ಲ.

ಹೋದ. ಸಾಯಲಿ ಎಂದೇ ಬಿಟ್ಟು ಹೋದ. ಮುಸ್ತಫಾ ತನಗೆ ಬರುವ ಬೈಗುಳವನ್ನೆಲ್ಲ ಬೈದ, ಬೈದು ಮುಗಿದ ಮೇಲೆ ಅತ್ತ, ಅತ್ತು ಮುಗಿದ ಮೇಲೆ ದೇವರನ್ನು ನೆನೆದ. ಮಗಳು ಶಾಝಿಯಾಳ ಪಿಯುಸಿ ಪರೀಕ್ಷೆ ಹತ್ತಿರ ಬಂದಿತ್ತು. ಅಪ್ಪ ಕಾಫಿ ತೋಟದ ನಡುವೆ ಹಾಯಿದೋಣಿ ಮುಳುಗಿ ಸತ್ತ ಎಂದರೆ ಜನ ಅಳುತ್ತಾರೋ, ನಗುತ್ತಾರೋ. ಅಯ್ಯೋ, ಸಾಯುವುದಕ್ಕೂ ಒಂದು ಮರ್ಯಾದೆ ಬೇಡವೇ!

ಚೌಕದ ಆಕಾಶಕ್ಕೆ ಸೂರ್ಯ ಬಂದು, ದಾಟಿ ಹೋದ. ಕೈ ಮರಗಟ್ಟಿ ತನ್ನದೋ ಅಲ್ಲವೋ ಎಂಬಂತಾಯಿತು. ಓಲಾಡುತ್ತಿದ್ದ ದೋಣಿ ಮೆಲ್ಲಗೆ ಓಲಾಟ ನಿಲ್ಲಿಸಿತು. ತುಂಬಿದ ಕೊಡ ತುಳುಕುವುದಿಲ್ಲ. ಬೇರೆಲ್ಲಿಂದಲೋ ನೀರು ಒಳಬರುತ್ತಿದೆ ಎಂದುಕೊಂಡ ಮುಸ್ತಫಾ. ಮೇಲೆ ಬೆಳ್ಳಕ್ಕಿಗಳು ಹಿಂಡುಹಿಂಡಾಗಿ ಇಳಿಯುತ್ತಿದ್ದವು, ಅವಕ್ಕೇನು ಹಬ್ಬವೋ. ಆಮೇಲೆ ತಳಕ್ಕೆ ಏನೋ ಒರಸಿದ ಸದ್ದಾಗಿ, ದೋಣಿ ಆಚೆ ಮಗ್ಗುಲಿಗೆ ವಾಲಿತು. ಒಳಗಿನ ನೀರೆಲ್ಲ ಅತ್ತ ನುಗ್ಗಿತು. ಇನ್ನು ಮಗುಚುವುದೊಂದೇ ಬಾಕಿ. ಅವನು ಇನ್ನೊಂದು ಕೈಯನ್ನೂ ಸೇರಿಸಿ, ಕಣ್ಣು ಮುಚ್ಚಿ, ಇದ್ದ ಬಲವನ್ನೆಲ್ಲ ಹಾಕಿ ಒತ್ತಿದ.

ಅಂಗೈಗೆ ಏನೋ ಚುಚ್ಚಿತು. ಏಡಿ ಎಂದುಕೊಂಡ. ಮತ್ತೆ ಚುಚ್ಚಿತು. ಏಡಿಯಲ್ಲ, ಉಗುರಿತ್ತು. ಮನುಷ್ಯನ ಬೆರಳು.

"ಕೈ ತೆಗೀರಿ ಸಾಬ್ರೆ," ಹಲಗೆಯಾಚೆ, ಕಿವಿಯ ಪಕ್ಕದಲ್ಲೇ, ಏದುಸಿರು ಬಿಡುತ್ತಿದ್ದ ಓಂಕಾರಪ್ಪನ ದನಿ ಕೇಳಿತು. "ನೀವು ಹೇಳ್ದಂಗೆ ಕೆರೆ ತೂಬು ಪೂರ್ತಿ ಎತ್ತಿದೀನಿ, ಇಲ್ಲಿ ಕೆಸ್ರು ಬಿಟ್ರೆ ಒಂದು ಹನಿ ನೀರಿಲ್ಲ. ನಾಳೆಯಿಂದ ನಂಗೆ ಮೂಡಿಗೆರೇಲಿ ಎಲ್ಲಾದ್ರೂ ಒಂದು ಕೆಲ್ಸ ನೋಡಿ."