ಒಪ್ಪದ ಫಿಲ್ಟರ್

ಮುದುಕ ಯಂತ್ರದ ಕಂಪನಿಯ ಕಡೆಯವನೇ ಎಂದು ರಿಪೇರಿ ಅಂಗಡಿಯ ಸ್ಕ್ರೂ ಅಕ್ಕನಿಗೆ ಖಾತ್ರಿಯಾಯಿತು. ಅವನು ತಂದ ಆಕ್ಸಿಜನ್ ಯಂತ್ರಕ್ಕೆ ತಂತಿ ಸಿಕ್ಕಿಸಿದ್ದೇ ತಡ, ಅವಳ ಕಂಪ್ಯೂಟರಿನ ಪರದೆಯಲ್ಲಿ ಓಡಿದ ಪ್ರೋಗ್ರಾಂ ಸಾಲುಗಳನ್ನು ಅವನು ತುಟಿ ಅಲ್ಲಾಡಿಸುತ್ತ ಓದತೊಡಗಿದ. ಅದು ಕಂಡಕಂಡವರಿಗೆಲ್ಲ ಅರ್ಥವಾಗುವಂಥದ್ದಲ್ಲ.

ಯಂತ್ರಗಳ ಡಿಜಿಟಲ್ ಬೀಗ ತೆಗೆಯುವುದು ಅಪರಾಧ. ತೆಗೆಯುವವರನ್ನು ಹಿಡಿಯಲು ಕಂಪನಿಗಳು ಗಿರಾಕಿಯ ವೇಷದಲ್ಲಿ ಜನ ಕಳಿಸುತ್ತವೆ. ಹಿಂದಿನ ರಸ್ತೆಯ ರಿಪೇರಿ ಅಂಗಡಿ ಮುಚ್ಚಿದ್ದು ಹಾಗೆಯೇ.

"ಯಾರಿಗೆ ಇದು, ಯಜಮಾನ್ರೇ?"

"ನನ್ನ ಹೆಂಡತಿಗಮ್ಮ. ಹಳೇ ಫಿಲ್ಟರ್ ಹಾಳಾಯ್ತು. ಕಂಪನಿ ಅದನ್ನ ಮಾಡೋದೇ ನಿಲ್ಲಿಸಿಬಿಟ್ಟಿದೆ. ಬೇರೆ ಕಂಪನಿಯದ್ದು ಹಾಕಿದ್ದಕ್ಕೆ ಯಂತ್ರ ಮುನಿಸ್ಕೊಂಡು ಕೂತಿದೆ. ಈಗ ಪಕ್ಕದ ಮನೆಯವರ ಸಿಲಿಂಡರ್ ಹಾಕಿದೀವಿ. ಸಂಜೆವರೆಗೆ ಬಂದ್ರೆ ಹೆಚ್ಚು."

ಕಥೆ ಚೆನ್ನಾಗಿ ಹೆಣೆದಿದ್ದಾನೆ ಎಂದುಕೊಂಡಳು. ಆದರೂ ಯಾರದೋ ಉಸಿರಿನ ಮಾತು. ಅವಳ ಕೈ ಸುಮ್ಮನಿರಲಿಲ್ಲ.

ಒಳಗಿದ್ದ ಪ್ರೋಗ್ರಾಂ ಕಂಪನಿಯದಲ್ಲ. ಯಾರೋ ಎಂದೋ ಬರೆದು ಲೋಕಕ್ಕೆಲ್ಲ ಪುಕ್ಕಟೆ ಕೊಟ್ಟದ್ದು. ಕಂಪನಿ ಅದನ್ನೆತ್ತಿಕೊಂಡು, ಫಿಲ್ಟರ್ ತನ್ನದೇ ಹೌದೋ ಅಲ್ಲವೋ ಎಂದು ನೋಡುವ ನಾಲ್ಕು ಸಾಲು ಸೇರಿಸಿ, ಮೇಲೆ ತನ್ನ ಡಿಜಿಟಲ್ ಮೊಹರು ಒತ್ತಿತ್ತು. ಆ ನಾಲ್ಕು ಸಾಲು ಕಿತ್ತರೆ ಸಾಕು, ಯಂತ್ರ ಓಡುತ್ತದೆ. ಆದರೆ ಒಂದಕ್ಷರ ಬದಲಾದರೂ ಮೊಹರು ಒಡೆಯುತ್ತದೆ. ಮೊಹರು ಒಡೆದರೆ ಯಂತ್ರ ಏಳುವುದೇ ಇಲ್ಲ.

"ಮೊದಲಿದ್ದ ಪ್ರೋಗ್ರಾಮನ್ನೇ ಹಾಕಿದ್ರೆ?" ಮುದುಕ ಕೇಳಿದ.

"ಅದಕ್ಕೂ ಮೊಹರು ಬೇಕಲ್ಲ. ಅದನ್ನ ಒತ್ತೋಕೆ ಕಂಪನಿಯವರಿಗೆ ಮಾತ್ರ ಆಗೋದು." ಅವಳಿಗೆ ರೇಗಿತು. "ಇದನ್ನ ಬರೆದ ಪುಣ್ಯಾತ್ಮನ್ನ ಹಿಡಿದು ಬಡೀಬೇಕು ನೋಡಿ. ಧರ್ಮಕ್ಕೆ ಕೊಟ್ಟ, ಒಪ್ಕೊಳ್ಳೋಣ. ತಗೊಂಡವರೂ ಹೀಗೇ ತೆರೆದಿಡಬೇಕು, ಬೀಗ ಹಾಕಬಾರದು ಅಂತ ಒಂದು ಷರತ್ತು ಬರೆಯೋಕೆ ಏನು ರೋಗ ಬಂದಿತ್ತು ಅವನಿಗೆ?"

"ಒಳ್ಳೇ ಮನಸ್ಸಿಂದಾನೇ ಕೊಟ್ಟಿರ್ತಾನಮ್ಮ."

"ಅವನು ಷರತ್ತು ಹಾಕದೇ ಇದ್ದಿದ್ದರಿಂದ ತಾನೇ ನಿಮ್ಮ ಕಂಪನಿ ಉದ್ಧಾರ ಆಗಿದ್ದು?" ಬಾಯಿಗೆ ಬಂದದ್ದನ್ನು ಅಂದೇಬಿಟ್ಟಳು. "ನಿಮ್ಮನ್ನ ಕಳಿಸಿದ್ದು ಅವರೇ ಅಂತ ನಂಗೆ ಗೊತ್ತು."

ಮುದುಕ ಉತ್ತರ ಕೊಡುವ ಮೊದಲೇ ಅವನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಪಕ್ಕದ ಮನೆಯಾಕೆಯ ಗಾಬರಿಯ ದನಿ ಮೇಜಿನಾಚೆಗೂ ಕೇಳಿಸಿತು: "ಬೇಗ ಬನ್ನಿ, ಸಿಲಿಂಡರ್ ಮುಗೀತಾ ಬಂತು. ನಿಮ್ಮ ಮನೆಯವರ ತುಟಿ ನೀಲಿಯಾಗ್ತಿದೆ. ಆಸ್ಪತ್ರೆಯವರು ಹಾಸಿಗೆ ಇಲ್ಲ ಅಂತಿದಾರೆ."

ಸ್ಕ್ರೂ ಅಕ್ಕನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅಂದದ್ದನ್ನು ನುಂಗುವ ಹಾಗಿರಲಿಲ್ಲ.

"ಬೇರೆ ಏನೂ ದಾರಿ ಇಲ್ವಾ, ತಾಯಿ?"

"ಇಲ್ಲ, ಅಪ್ಪಾಜಿ." ಅವಳು ಪರದೆಯನ್ನು ಅವನತ್ತ ತಿರುಗಿಸಿದಳು. "ಇದ್ದಿದ್ರೆ ಮಾಡ್ತಿದ್ದೆ."

ಮುದುಕ ತಂತಿ ಕಿತ್ತು, ಯಂತ್ರವನ್ನು ಮಗುವಿನಂತೆ ಎತ್ತಿಕೊಂಡು ಬಾಗಿಲವರೆಗೆ ಹೋಗಿ ನಿಂತ.

"ಷರತ್ತು ಹಾಕಿ, ಹಾಕಿ ಅಂತ ನನ್ನ ಹೆಂಡತಿ ಆಗಲೇ ಬಡ್ಕೊಂಡಿದ್ಳಮ್ಮ; ನಾನು ಬರೆದ ಪ್ರೋಗ್ರಾಮಿಗೆ ಬೇಲಿ ಯಾಕೆ ಅಂದ್ಕೊಂಡು ನಾನೇ ಅವಳ ಮಾತು ಕೇಳಲಿಲ್ಲ."