ಏಳನೆಯ ದಿನದ ಹಕ್ಕಳೆ

ಬೆಲ್ಲದ ವಾಸನೆಗೆ ಇರುವೆ ಬಂದುಬಿಟ್ಟರೆ? ಇದನ್ನು ಮೊದಲೇ ಯೋಚಿಸಲಿಲ್ಲವಲ್ಲ ಎಂದು ಕಿರಿಯ ವಿಜ್ಞಾನಿ ಒಳಗೊಳಗೇ ಬೆವರಿದ.

ಮೊಲಜ್ವರಕ್ಕೆ ಹೊಸ ಲಸಿಕೆಯನ್ನು ಅವನೂ ಅವನ ಮೇಲಧಿಕಾರಿ ಮೇಡಂ ಇಬ್ಬರೇ ಮೂರು ವರ್ಷ ಹೆಣಗಿ ತಯಾರಿಸಿದ್ದರು. ತೋಳಿನ ಮೇಲೆ ಗೀರಿ ಹಚ್ಚಿದರೆ ಏಳನೆಯ ದಿನಕ್ಕೆ ಹಕ್ಕಳೆ ಕಟ್ಟಬೇಕು. ಕಟ್ಟಿದರೆ ಲಸಿಕೆ ಹಿಡಿದಂತೆ. ಹಿಡಿದವರಿಗೆ ಮಾತ್ರ ಸೋಂಕಿನ ಮೊಲಗಳ ಕೋಣೆಗೆ ಪ್ರವೇಶ. ಇವನಿಗಿಂತ ಒಂದು ದಿನ ಮುಂಚೆ ಗೀರಿಸಿಕೊಂಡ ಮೇಡಂ ತೋಳಿನ ಹಕ್ಕಳೆ ನೋಡಿ ನಿನ್ನೆ ಇಡೀ ಸಂಸ್ಥೆ ಚಪ್ಪಾಳೆ ತಟ್ಟಿತ್ತು. ಅದೇ ಸೀಸೆಯ ಲಸಿಕೆ ಇವನ ತೋಳಿನಲ್ಲಿ ಏನೂ ಮಾಡಿರಲಿಲ್ಲ. ಕೆಲಸದಿಂದ ಹೊರಗುಳಿಯುವ ಭಯಕ್ಕೆ, ಬೆಳಿಗ್ಗೆ ಬೆಲ್ಲದ ಪಾಕಕ್ಕೆ ಕಾಫಿಪುಡಿ ಕಲಸಿ ಗೀರಿನ ಮೇಲೆ ಮೆತ್ತಿಕೊಂಡು ಬಂದಿದ್ದ.

"ಎಲ್ಲಿ, ತೋರ್ಸಪ್ಪ." ಮೇಡಂ ಅವನ ತೋಳು ಹಿಡಿದು ಕನ್ನಡಕ ಏರಿಸಿದರು. "ಅಬ್ಬಾ, ನಂದಕ್ಕಿಂತ ಚೆನ್ನಾಗಿ ಕಟ್ಟಿದೆಯಲ್ಲೋ!"

"ಎಲ್ಲಾ ನಿಮ್ಮ ಆಶೀರ್ವಾದ ಮೇಡಂ."

ಆಗಲೇ ಮೇಜಿನಿಂದ ಇರುವೆಯೊಂದು ಅವನ ಮುಂಗೈ ಹತ್ತಿತು. ಹಕ್ಕಳೆಯ ಹತ್ತಿರ ನಿಂತು ಮೂಸಿತು. ಅವನು ಉಸಿರು ಬಿಗಿಹಿಡಿದ. ಇರುವೆ ಅದನ್ನು ಅಲ್ಲೇ ಬಿಟ್ಟು ಮೇಡಂ ಬೆರಳುಗಳನ್ನು ದಾಟಿ, ಅವರ ತೋಳೇರಿ, ರವಿಕೆಯಂಚಿನ ಹಕ್ಕಳೆಯ ಮೇಲೆ ನೆಮ್ಮದಿಯಾಗಿ ಕೂತಿತು.

ಮೇಡಂ ಹಿಡಿತ ಸಡಿಲವಾಯಿತು. ಸೆರಗು ಹೊದ್ದುಕೊಂಡರು.

"ಮೊಲದ ಕೋಣೆ ಈಗ್ಲೇ ಬೇಡ. ಇನ್ನೊಂದ್ಸಲ ಲಸಿಕೆ ಮಾಡಿ ನೋಡೋಣ. ಸುಮ್ನೆ, ಖಾತ್ರಿಗೆ."

"ಆಗ್ಲಿ ಮೇಡಂ."

ತನ್ನದಕ್ಕಿಂತ ಅವರ ಬೆಲ್ಲವೇ ಒಳ್ಳೆಯದಿರಬೇಕು ಎಂದು ಅವನು ಯಾವತ್ತೂ ಹೇಳಲಿಲ್ಲ.